ಕೂಗಿದವನೇ ಹೆಕ್ಕಬೇಕು

ಮತ್ರಾ, ಮಸ್ಕತ್
೧೮ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಅಮ್ಮ,

ನಿನಗೆ ನನ್ನ ನಮಸ್ಕಾರ. ಸುಪ್ರೀತಕ್ಕನಿಗೂ, ಫೋಟೋದಲ್ಲಿ ಮಾತ್ರ ನೋಡಿದ ಅವಳ ಪಾಪುವಿಗೂ ನನ್ನ ಪ್ರೀತಿ. ಪತ್ರ ಬರೆಯುತ್ತೇನೆ ಎಂದು ಹೇಳಿ ಎಷ್ಟು ಕಾಲವಾಯಿತೋ. ಉದಾಸೀನ ಅಲ್ಲ ಅಮ್ಮ. ಬರೆಯಲು ಕೂತಾಗಲೆಲ್ಲ 'ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ' ಎಂಬ ವಾಕ್ಯ ಬರುತ್ತಿತ್ತು. ಅದು ಸುಳ್ಳು. ಸುಳ್ಳು ಬಂದ ಕಾಗದವನ್ನು ಹರಿದು ಹಾಕುತ್ತಿದ್ದೆ. ಈಗ ಆ ವಾಕ್ಯ ಅರ್ಧದಷ್ಟಾದರೂ ನಿಜವಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಫೋನಿನಲ್ಲಿ ಹೇಳಬಾರದಾ ಎನ್ನುತ್ತೀ. ನಿನ್ನ ಕೈಯಲ್ಲಿ ಯಾವಾಗಲೂ ಪಾಪುವಿಗೆ ಹಚ್ಚುವ ಎಣ್ಣೆ. ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿ ಇಡುತ್ತೀ. ನಾನು ಇಲ್ಲಿ ಒಮ್ಮೆ ಕೆಮ್ಮಿದರೆ ಅಲ್ಲಿ ಅಂಗಳದಿಂದ ಯಾರೋ 'ಕಷಾಯ ಕುಡಿಲಿಕ್ಕೆ ಹೇಳಿ' ಎಂದು ಕೂಗುತ್ತಾರೆ. ಈ ಪತ್ರದ ಮಾತು ಅಂಗಳಕ್ಕೆ ಹೋಗುವಂಥದ್ದಲ್ಲ. ನನ್ನ ಜೊತೆ ಕೆಲಸ ಮಾಡುವ ಕ್ಲೇಟನ್ ಗೊತ್ತಲ್ಲ, ಅವನ ತಾಯಿ ಸಬೀನಾ ಆಂಟಿ ನಾಳೆಯ ವಿಮಾನದಲ್ಲಿ ಬಜ್ಪೆಗೆ ಹೋಗುತ್ತಾರೆ. ಅವರ ಕೈಯಲ್ಲಿ ಖರ್ಜೂರ, ಹಲ್ವಾ, ಅಕ್ಕ ಕೇಳಿದ ಹಾಲಿನ ಪುಡಿ ಎಲ್ಲ ಕೊಟ್ಟಿದ್ದೇನೆ. ಪತ್ರವನ್ನು ಮಾತ್ರ ನಿನ್ನ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ. 'ಲವ್ ಲೆಟರಾ ಮಾರಾಯಾ?' ಎಂದು ಕೇಳಿದರು. ಹೌದು ಎಂದೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಪಾಪುವನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಮಾತಾಡುತ್ತಿದ್ದ ಹಾಗೆಯೇ ಫೋನ್ ಕಟ್ ಆಯಿತಲ್ಲ. ನೆಟ್‌ವರ್ಕ್ ಹಾಳು ಎಂದು ನೀನು ಎಲ್ಲರಿಗೂ ಹೇಳಿರುತ್ತೀ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಕಟ್ ಮಾಡಿದ್ದು ನಾನು. ಯಾಕೆ ಎಂದು ಕೊನೆಯಲ್ಲಿ ಬರೆಯುತ್ತೇನೆ, ಬರೆಯಲು ಧೈರ್ಯ ಬಂದರೆ.

ಸೆಖೆಯ ಬಗ್ಗೆ ಹೊಸದಾಗಿ ಹೇಳಲು ಏನಿಲ್ಲ. ಟ್ಯಾಂಕಿಯ ನೀರು ಕೈ ಸುಡುತ್ತದೆ. ನೀನು ಕಲಿಸಿದ ಹಾಗೆ ಗೀಸರಿನ ಸ್ವಿಚ್ ಆರಿಸಿ ಅದರೊಳಗೆ ತಣಿದ ನೀರಲ್ಲಿ ಸ್ನಾನ ಮಾಡುತ್ತೇವೆ. ಮತ್ತೆ ನಾನು ಬೆವರು ಸುರಿಸಿಕೊಂಡು ಮಾಲ್‌ಗೆ ಹೋಗಿ, ಎರಡು ದಪ್ಪ ಬಾಗಿಲು ದಾಟಿ, ಹಿಮದೊಳಗೆ ನಿಲ್ಲುತ್ತೇನೆ. ಹೊರಗೆ ಸುಲ್ತಾನರ ಊರಿನ ಬಿಸಿಲು, ಒಳಗೆ ಮೂಗಿನ ತುದಿ ಮರಗಟ್ಟುವ ಚಳಿ. ಮೊದಲ ತಿಂಗಳು ನನಗೆ ಬಿಡದ ಶೀತ ಇತ್ತು. ಈಗ ಮೂಗಿಗೂ ಅಭ್ಯಾಸವಾಗಿದೆ.

ಮನೆಯ ಸಮಾಚಾರ. ಅಕ್ಕನ ಬಾಣಂತನಕ್ಕೆಂದು ನೀನು ಊರಿಗೆ ಹೋದ ಮೇಲೆ ಪಪ್ಪ ಮತ್ತು ನಾನು ಹೇಗಿದ್ದೆವು ಎಂದು ನಿನಗೆ ಅರ್ಧ ಗೊತ್ತು, ಯಾಕೆಂದರೆ ನಮ್ಮ ಪೋಸ್ಟ್ ಆಫೀಸು ನೀನೇ. ನಾನು ಹನ್ನೊಂದನೇ ಕ್ಲಾಸು ಬಿಟ್ಟ ದಿನದಿಂದ ಪಪ್ಪ ನನ್ನ ಹತ್ತಿರ ನೇರ ಮಾತಾಡಿಲ್ಲ. ನೀನು ಇಲ್ಲಿರುವಾಗ 'ಅವನಿಗೆ ಹೇಳು' ಎಂದರೆ ಮುಗಿಯುತ್ತಿತ್ತು. ನೀನು ವಿಮಾನ ಹತ್ತಿದ ಮರುದಿನ ಏನಾಯಿತು ಗೊತ್ತುಂಟಾ? ಪಪ್ಪ ಅಡುಗೆಮನೆಯಲ್ಲಿ ನಿಂತು ನಿನಗೆ ವಾಟ್ಸಾಪ್ ಕಾಲ್ ಮಾಡಿದರು. 'ಅವನಿಗೆ ಖುಬೂಸ್ ರೊಟ್ಟಿ ತರ್ಲಿಕ್ಕೆ ಹೇಳು.' ನಾನು ಹಾಲ್‌ನಲ್ಲೇ ಕೂತಿದ್ದೆ. ಅವರು ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಆದರೂ ಆ ಮಾತು ಸಮುದ್ರ ದಾಟಿ ಕಿನ್ನಿಗೋಳಿಗೆ ಹೋಗಿ, ನಿನ್ನ ಬಾಯಿಯಿಂದ ನನ್ನ ಫೋನಿಗೆ ವಾಪಸು ಬರುವವರೆಗೆ ನಾನು ಚಪ್ಪಲಿ ಹಾಕಲಿಲ್ಲ. ನಾನೂ ಭೋಜರಾಜನ ಮಗನೇ.

ಅಕ್ಕನಿಗೆ ನೋವು ಶುರುವಾದ ದಿನ ನೀನು ಫೋನ್ ಎತ್ತಲಿಲ್ಲ. ಅವತ್ತು ನಮ್ಮ ಮನೆಗೆ ಖುಬೂಸ್ ಬರಲೇ ಇಲ್ಲ. ಇಬ್ಬರೂ ಒಂದೇ ಡಬ್ಬಿಯಿಂದ ಬಿಸ್ಕತ್ತು ತೆಗೆದು, ಬೇರೆ ಬೇರೆ ಕೋಣೆಯಲ್ಲಿ ತಿಂದೆವು. ಆಮೇಲೆ ಪಪ್ಪ ಒಂದು ಉಪಾಯ ಕಂಡುಕೊಂಡರು. ಫ್ರಿಜ್ಜಿನ ಹತ್ತಿರ ಮಾತಾಡತೊಡಗಿದರು. 'ಗ್ಯಾಸ್ ಮುಗೀತಾ ಬಂತು' ಎಂದು ಫ್ರಿಜ್ಜಿಗೆ ಹೇಳಿ ಆಫೀಸಿಗೆ ಹೋಗುತ್ತಿದ್ದರು. ನಾನು ಸಿಲಿಂಡರ್ ತರಿಸುತ್ತಿದ್ದೆ. ನಾನೂ ಫ್ರಿಜ್ಜಿಗೇ ಉತ್ತರ ಕೊಡತೊಡಗಿದೆ. ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು. ಇದನ್ನೆಲ್ಲ ನಗಿಸಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಆಗ ನಗು ಬರುತ್ತಿರಲಿಲ್ಲ.

ಈಗ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿನಗೆ ಗೊತ್ತಾಗುವುದಿಲ್ಲ. ನಮ್ಮದು ಮಾಲ್‌ನ ಒಳಗೆ ಹಿಮ ಹಾಸಿ ಮಾಡಿದ ಸಣ್ಣ ಸ್ಕೀ ಇಳಿಜಾರು. ನಿಜವಾದ ಬೆಟ್ಟದಲ್ಲಿ ಸ್ಕೀ ಮಾಡಿದವರು ಬಂದರೆ 'ಇದು ಬನ್ನಿ ಸ್ಲೋಪ್' ಎಂದು ನಗುತ್ತಾರೆ. ಮೊಲದ ಮರಿಗಳಿಗೆ ಮಾಡಿದ ಇಳಿಜಾರು ಎಂದು ಅರ್ಥ. ಸ್ಕೀ ಮಾಡುವವರ ಬಾಯಿಯಲ್ಲಿ ಇಂಥ ಮಾತುಗಳು ಬೇಕಾದಷ್ಟಿವೆ. ಕಾಲಿಗೆ ಕಟ್ಟಿದ ಎರಡು ಪಟ್ಟಿಗಳ ಮೂತಿ ಸೇರಿಸಿ, ಹಿಂಭಾಗ ಅಗಲಿಸಿದರೆ ವೇಗ ಕಡಿಮೆಯಾಗುತ್ತದೆ. ಅದಕ್ಕೆ ಪಿಜ್ಜಾ ಎನ್ನುತ್ತಾರೆ, ಪಿಜ್ಜಾದ ತುಂಡಿನ ಆಕಾರ ನೋಡು. ಎರಡನ್ನೂ ನೇರ ಇಟ್ಟುಕೊಂಡರೆ ಓಡುತ್ತದೆ. ಅದು ಫ್ರೆಂಚ್ ಫ್ರೈ. ನಾವು ಮಕ್ಕಳ ಹಿಂದೆ 'ಪಿಜ್ಜಾ! ಪಿಜ್ಜಾ!' ಎಂದು ಕೂಗುತ್ತ ಓಡುವುದನ್ನು ಗಾಜಿನ ಆಚೆ ನಿಂತು ನೋಡುವ ಅಜ್ಜ ಅಜ್ಜಿಯರು, ಇಲ್ಲಿ ತಿನ್ನಲು ಏನೋ ಹಂಚುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಒಬ್ಬ ಅಜ್ಜ ಕೌಂಟರಿಗೆ ಬಂದು ತನ್ನ ಪಾಲು ಕೇಳಿದ್ದೂ ಉಂಟು.

ಬೀಳುವುದಕ್ಕಂತೂ ಹೆಸರುಗಳ ಮಳೆ. ಮುಖ ಅಡಿಯಾಗಿ ಹಿಮದಲ್ಲಿ ಹೂತರೆ ಇಂಗ್ಲಿಷಿನಲ್ಲಿ ಫೇಸ್ ಪ್ಲಾಂಟ್. ಉಳ್ಳಾಲದ ಫಾರಿಸ್ ನಮ್ಮ ಜೊತೆಗಿದ್ದಾನೆ, ಅವನು ಅದಕ್ಕೆ 'ನೇಜಿ' ಎಂದು ಹೆಸರಿಟ್ಟ. ಗದ್ದೆಯಲ್ಲಿ ನೆಡುವ ಭತ್ತದ ಸಸಿ. 'ಅಗೋ, ಆ ಜನ ನೇಜಿ ನೆಟ್ಟಾಯ್ತು' ಎನ್ನುತ್ತಾನೆ. ಇನ್ನು ಬಿದ್ದವನ ಪಟ್ಟಿ ಒಂದು ಕಡೆ, ಕೋಲು ಒಂದು ಕಡೆ, ಕನ್ನಡಕ, ಕೈಗವಸು ಎಲ್ಲ ಇಳಿಜಾರಿನ ತುಂಬ ಚೆಲ್ಲಿ ಬಿದ್ದರೆ, ಅದು ಯಾರ್ಡ್ ಸೇಲ್. ಹೊರದೇಶದಲ್ಲಿ ಮನೆಯ ಹಳೆ ಸಾಮಾನನ್ನು ಅಂಗಳದಲ್ಲಿ ಹರಡಿ ಮಾರುತ್ತಾರಂತೆ, ಹಾಗೆ. ಕ್ಲೇಟನ್ ಹಿಮಾಲಯದ ಔಲಿಯಲ್ಲಿ ಸ್ಕೀ ಕಲಿತವನು, ಈ ಮಾತು ತಂದವನು ಅವನೇ. ನಮ್ಮ ಬಾಯಲ್ಲಿ ಅದು 'ಸಂತೆ' ಆಯಿತು. ಈಗ ಕೇರಳದವರೂ ಫಿಲಿಪೈನ್ಸಿನವರೂ ಯಾರಾದರೂ ಚೆಲ್ಲಾಪಿಲ್ಲಿ ಬಿದ್ದರೆ 'ಸಂತೇ!' ಎಂದೇ ಕೂಗುತ್ತಾರೆ.

ಹೊರಗಿನವರಿಗೆ ಇದು ಹಿಡಿಸುವುದಿಲ್ಲ. ಒಮ್ಮೆ ದೊಡ್ಡವರ ಬಡಾವಣೆ ಮದೀನತ್ ಸುಲ್ತಾನ್ ಖಾಬೂಸಿನಿಂದ ಒಬ್ಬರು ಮೇಡಂ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಅರ್ಧ ದಾರಿಯಲ್ಲಿ ದೊಡ್ಡ ಸಂತೆ ಮಾಡಿಕೊಂಡ. ನಾವೆಲ್ಲ ಕೂಗಿದೆವು. ಮೇಡಂ ಗಾಜಿನ ಬಾಗಿಲು ತಳ್ಳಿಕೊಂಡು ಬಂದೇ ಬಿಟ್ಟರು. 'ನನ್ನ ಮಗ ಬಿದ್ರೆ ನಿಮಗೆ ಕಾಮಿಡಿಯಾ? ಇದೇನು ಸರ್ಕಸ್ಸಾ?' ಹುಡುಗ ಹಿಮದ ಮೇಲೆ ಕೂತು, 'ಮಮ್ಮಾ, ಐ ಹ್ಯಾಡ್ ಎ ಯಾರ್ಡ್ ಸೇಲ್!' ಎಂದು ಬಹುಮಾನ ಬಂದವನಂತೆ ಕೇಕೆ ಹಾಕುತ್ತಿದ್ದ. ಮೇಡಂಗೆ ಇನ್ನಷ್ಟು ಸಿಟ್ಟು. ನಮ್ಮ ಮ್ಯಾನೇಜರ್ ಈಜಿಪ್ಟಿನವರು, ಜಗಳ ಎಂದರೆ ಹೆದರುತ್ತಾರೆ. 'ಖಲಾಸ್, ಇನ್ನು ಮೇಲೆ ಯಾರೂ ಕೂಗಬಾರದು' ಎಂದುಬಿಟ್ಟರು.

ಆಗ ಕ್ಲೇಟನ್ ಒಂದು ಮಾತು ಹೇಳಿದ. ಕೂಗುವುದನ್ನು ನಿಲ್ಲಿಸಿದರೆ ಬಿದ್ದವರು ಬಿದ್ದಲ್ಲೇ ಇರುತ್ತಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಗಲಿ, ಆದರೆ ಕೂಗಿದವನೇ ಮೇಲೆ ಹತ್ತಿ ಹೋಗಿ ಎಲ್ಲವನ್ನೂ ಹೆಕ್ಕಿ ಕೊಡಬೇಕು ಎಂದ. ಆ ಭಾರದ ಬೂಟು ಹಾಕಿಕೊಂಡು ಇಳಿಜಾರು ಹತ್ತುವುದು ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ಮರುದಿನದಿಂದ ಸುಮ್ಮನೆ ಮಜಕ್ಕೆ ಕೂಗುವವರೆಲ್ಲ ಬಾಯಿ ಮುಚ್ಚಿದರು. ಈಗ ನಮ್ಮಲ್ಲಿ ಯಾರಾದರೂ 'ಸಂತೇ' ಎಂದರೆ, 'ಅಲ್ಲೇ ಇರು, ನಾನು ಬಂದೆ' ಎಂದು ಅರ್ಥ. ಕೇಳುವವರಿಗೆ ಮಾತ್ರ ಅದು ಈಗಲೂ ತಮಾಷೆಯ ಹಾಗೆಯೇ ಕೇಳಿಸುತ್ತದೆ.

ಈ ಮಾತುಗಳು ಪಪ್ಪನ ಕಿವಿಗೂ ಬೀಳುತ್ತಿದ್ದವು. ನಾನು ಬಾಲ್ಕನಿಯಲ್ಲಿ ನಿಂತು ಕ್ಲೇಟನ್ ಹತ್ತಿರ ಫೋನಿನಲ್ಲಿ ಹರಟುವಾಗ ಅವರು ಒಳಗೆ ಶರ್ಟಿಗೆ ಇಸ್ತ್ರಿ ಹಾಕುತ್ತಿರುತ್ತಿದ್ದರು. 'ಇವತ್ತು ಮೂರು ಸಂತೆ, ಎರಡು ನೇಜಿ' ಎಂದು ನಾನು ಹೇಳಿದ್ದನ್ನು ಕೇಳಿ ಒಂದು ದಿನ ಫ್ರಿಜ್ಜಿಗೆ ಹೇಳಿದರು: 'ಫಿಸಿಕ್ಸ್ ಬಿಟ್ಟು ಕಲ್ತದ್ದು ಇದು. ಭಾಷೆಯೂ ಹೋಯ್ತು.' ನನಗೆ ಬೇಸರವಾಯಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನು ಎಂದು ಹುಡುಕಿದರೆ ಸಿಗಲಿಲ್ಲ. ಫಿಸಿಕ್ಸ್ ಬಿಟ್ಟದ್ದು ಹೌದು. ಏಳನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವನಿಗೆ ಇಲ್ಲಿ ಮೇಷ್ಟರು ಹೇಳಿದ್ದು ಅರ್ಧ ತಲೆಗೆ ಹೋಗುತ್ತಿರಲಿಲ್ಲ ಎಂಬುದೂ ಹೌದು. ಒಂದೇ ಕಡೆ ಕೂರಲು ನನ್ನಿಂದ ಆಗುವುದಿಲ್ಲ ಎಂಬುದು ಅದಕ್ಕಿಂತಲೂ ಹೌದು. ಶಾಲೆಯಲ್ಲಿ ಬೀಳುವುದಕ್ಕೆ ಇದ್ದದ್ದು ಒಂದೇ ಹೆಸರು. ಅದನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಹನ್ನೊಂದನೆಯ ರಿಸಲ್ಟಿನ ದಿನ ನೀನು ನೀರುದೋಸೆ ಮಾಡಿ, ನನ್ನ ತಲೆ ಸವರಿ, 'ಹೋಗ್ಲಿ ಮಗಾ, ಯಾರಿಗೂ ಹೇಳುದು ಬೇಡ' ಎಂದಿದ್ದೆ. ನೆನಪುಂಟಾ?

ಈಗ ಮುಖ್ಯ ಸಂಗತಿ. ಇದನ್ನು ಪಪ್ಪ ನಿನಗೆ ಹೇಳಿರಲಾರರು.

ಹೋದ ತಿಂಗಳು ಒಂದು ಶುಕ್ರವಾರ, ಊಟದ ಹೊತ್ತು ಕಳೆದ ಮೇಲೆ, ಒಳಗೆ ಬಹಳ ಜನ ಇದ್ದರು. ಹೊರಗಿನ ಬಿಸಿಲಿಗೆ ಹೆದರಿ ಇಡೀ ಮಸ್ಕತ್ ನಮ್ಮ ಹಿಮಕ್ಕೆ ಬಂದ ಹಾಗಿತ್ತು. ನಾನು ಕೆಳಗೆ ನಿಂತಿದ್ದೆ. ಬಾಡಿಗೆಯ ನೀಲಿ ಜಾಕೆಟ್, ಹೆಲ್ಮೆಟ್, ಕನ್ನಡಕ ಹಾಕಿದ ಮೇಲೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ನಡುವಿನಿಂದ ಒಬ್ಬರು ಇಳಿಯುತ್ತಿದ್ದರು. ಹೊಸಬರಿಗೆ ನಾವು ಕೋಲು ಕೊಡುವುದಿಲ್ಲ, ಇವರ ಕೈಯಲ್ಲಿ ಎರಡು ಕೋಲು ಇದ್ದವು. ಹಟಮಾರಿ ಗಿರಾಕಿ ಎಂದುಕೊಂಡೆ. ಬೆನ್ನು ನೇರ, ಮೊಣಕಾಲು ನೇರ, ಮದುವೆಮನೆಗೆ ಬಂದವರ ಹಾಗೆ ಗತ್ತಿನಲ್ಲಿ ಬರುತ್ತಿದ್ದರು. ಹಿಂದಿನಿಂದ ಕ್ಲೇಟನ್ 'ಪಿಜ್ಜಾ! ಪಿಜ್ಜಾ!' ಎಂದು ಬೊಬ್ಬೆ ಹಾಕುತ್ತಿದ್ದ. ಅವರು ಪಿಜ್ಜಾ ಮಾಡಲಿಲ್ಲ. ನೋಡುತ್ತಿದ್ದಂತೆ ಒಂದು ಕಾಲು ಮತ್ರಾದ ಕಡೆಗೆ, ಇನ್ನೊಂದು ರುಸ್ತಾಕಿನ ಕಡೆಗೆ ಹೋಯಿತು. ಪಟ್ಟಿ ಕಳಚಿ ಹಾರಿತು, ಕೋಲು ಹಾರಿತು, ಕನ್ನಡಕ ಹಾರಿತು.

ನನ್ನ ಬಾಯಿ ನನ್ನನ್ನು ಕೇಳುವುದಿಲ್ಲ. 'ಸಂತೇ!' ಎಂದು ಎಲ್ಲರಿಗಿಂತ ಜೋರಾಗಿ ಕೂಗಿದೆ.

ಕೂಗಿದ ಮೇಲೆ ಹತ್ತಲೇಬೇಕಲ್ಲ. ಹತ್ತಿದೆ. ಮೊದಲು ಒಂದು ಕೋಲು ಸಿಕ್ಕಿತು, ಆಮೇಲೆ ಕೈಗವಸು, ಪಟ್ಟಿ. ಅವುಗಳ ನಡುವೆ ಹಿಮದಲ್ಲಿ ಅರ್ಧ ಹೂತುಕೊಂಡು ಒಂದು ಪೆನ್ನು. ಕಪ್ಪು ಪೆನ್ನು, ಸ್ಟೀಲಿನ ಮುಚ್ಚಳ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದು. ಸ್ಕೀ ಮಾಡಲು ಬರುವಾಗ ಪೆನ್ನು ತರುವವರು ಈ ಮಸ್ಕತ್ತಿನಲ್ಲಿ ಒಬ್ಬರೇ, ಅಮ್ಮ. ನನಗೆ ತಲೆ ಎತ್ತಲು ಭಯವಾಯಿತು.

ಪಪ್ಪ ಕಾಲು ಚಾಚಿ ಕೂತಿದ್ದರು. ಹೆಲ್ಮೆಟ್ ಓರೆಯಾಗಿ, ಮೀಸೆಯ ತುಂಬ ಹಿಮ. ಸುತ್ತ ನಿಂತವರಲ್ಲಿ ಇಬ್ಬರು ಮೂವರು ಇನ್ನೂ ನಗುತ್ತಿದ್ದರು. ಮತ್ರಾದ ಸೂಕ್ ಪೇಟೆಯಲ್ಲಿ ಸೇಠರ ಅಂಗಡಿಯ ಆಫೀಸಿನ ಭೋಜರಾಜಣ್ಣ ನಡೆದು ಬಂದರೆ ಎದ್ದು ನಿಲ್ಲುವವರಿದ್ದಾರೆ. ಅವರು ಜನರೆದುರು ಹಾಗೆ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವರು ನನ್ನನ್ನೇ ನೋಡಿದರು. ಅಲ್ಲಿ ಫ್ರಿಜ್ಜು ಇರಲಿಲ್ಲ.

'ಕೂಗಿದ್ದು ನೀನಾ?' ಎಂದರು.

ಇಷ್ಟು ಕಾಲದ ಮೇಲೆ ನನಗೆಂದೇ ಆಡಿದ ಮೊದಲ ಮಾತು ಅದು.

'ಹೌದು ಪಪ್ಪ.'

'ಬಿದ್ದವನನ್ನು ನೋಡಿ ಸಂತೆ ಹೇಳುದಾ? ಅಪ್ಪ ಅಂತ ಗೊತ್ತಿದ್ರೂ ಕೂಗ್ತಿದ್ದಿಯಾ?'

ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂತು. ಆದರೆ ಹೇಳಿದ್ದು ಬೇರೆ. 'ಕೂಗ್ತಿದ್ದೆ ಪಪ್ಪ. ಕೂಗದಿದ್ರೆ ಬೇರೆ ಯಾರಾದ್ರೂ ಹತ್ತಿ ಬರ್ತಿದ್ರು.'

ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕ್ಲೇಟನ್ ಜಾರಿಕೊಂಡು ಬಂದು, 'ಅಂಕಲ್, ನಮ್ಮಲ್ಲಿ ಕೂಗಿದವನೇ ಹೆಕ್ಕಬೇಕು. ಅದು ರೂಲು. ಇವ ನಿಮ್ಮನ್ನು ಎಬ್ಬಿಸ್ಲಿಕ್ಕೆ ಬಂದದ್ದು, ನಗ್ಲಿಕ್ಕೆ ಅಲ್ಲ' ಎಂದ. ಮತ್ತೆ ನನ್ನ ಕಡೆ ತಿರುಗಿ, 'ನನಗೆ ಬೈಬೇಡ ಮಾರಾಯಾ. ಅಂಕಲ್ ನಿಂಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ರು' ಎಂದ. ನಂತರ ತಿಳಿಯಿತು, ನನ್ನ ಕೆಲಸ ಎಂಥದ್ದೆಂದು ತಾವೇ ನೋಡಲು ಬಂದ ಪಪ್ಪ ಸ್ಟಾಫಿನ ಪಾಸ್ ಬೇಡ ಎಂದು ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡಿದ್ದರು. ಒಪ್ಪಿಗೆ ಕಾಗದಕ್ಕೆ ತಮ್ಮ ಪೆನ್ನಿನಲ್ಲೇ ಸಹಿ ಹಾಕಿ, ಅದನ್ನು ಬಾಡಿಗೆ ಜಾಕೆಟಿನ ಕಿಸೆಗೆ ಸಿಕ್ಕಿಸಿಕೊಂಡಿದ್ದರು.

ಪಪ್ಪ ಸ್ವಲ್ಪ ಹೊತ್ತು ನಾನು ಹೆಕ್ಕಿ ತಂದು ಗುಡ್ಡೆ ಹಾಕಿದ ಸಾಮಾನನ್ನು ನೋಡಿದರು. 'ಒಂದು ಕೋಲು ಕಮ್ಮಿ ಉಂಟು' ಎಂದರು. ಹೋಗಿ ತಂದೆ. ಕೈ ಕೊಟ್ಟೆ. ಅವರ ಕೈ ಹಿಡಿದು ಎಷ್ಟು ಕಾಲವಾಗಿತ್ತು! ಗವಸು ಇಲ್ಲದ ಕೈ, ಮಂಜುಗಡ್ಡೆಯಂತಿತ್ತು. ಎದ್ದು ನಿಂತು, ಪೆನ್ನನ್ನು ಒರೆಸಿ ಕಿಸೆಗೆ ಹಾಕಿ, ಬಾಗಿಲ ಕಡೆ ಹೊರಟರು.

ಎಲ್ಲ ಅಲ್ಲಿಗೆ ಸರಿಯಾಯಿತು ಎಂದು ಬರೆಯಲು ಆಸೆ. ಆದರೆ ಆಗಲಿಲ್ಲ. ಮನೆಗೆ ಬಂದರೆ ಪಪ್ಪ ಪುನಃ ಫ್ರಿಜ್ಜಿನ ಹತ್ತಿರವೇ. 'ಸೊಂಟಕ್ಕೆ ಮುಲಾಮು ಎಲ್ಲಿ ಉಂಟೋ' ಎಂದು ಅದನ್ನು ಕೇಳಿದರು. ನಾನು ಮುಲಾಮನ್ನು ಫ್ರಿಜ್ಜಿನ ಮೇಲೆ ಇಟ್ಟೆ.

ಇಲ್ಲಿಂದ ಮುಂದಿನದನ್ನು ಕೂತುಕೊಂಡು ಓದು. ಈ ತಿಂಗಳ ಮೊದಲ ವಾರ ನನಗೊಂದು ಪರೀಕ್ಷೆ ಇತ್ತು. ಹೌದು, ಪರೀಕ್ಷೆ. ಪಾಸಾದರೆ ನಾನು ಬೂಟು ಕೊಡುವ ಹುಡುಗನಾಗಿ ಉಳಿಯದೆ ಕಲಿಸುವವನಾಗುತ್ತಿದ್ದೆ. ನಿನಗೆ ಹೇಳಿರಲಿಲ್ಲ, ಹೇಳಿದರೆ ನೀನು ಕಟೀಲಿಗೆ ಹರಕೆ ಹೊರುತ್ತೀ. ಹಿಮದ ಮೇಲೆ ಮಾಡಿ ತೋರಿಸುವುದರಲ್ಲಿ ನಾನು ಎಲ್ಲರಿಗಿಂತ ಮುಂದೆ. ಪರೀಕ್ಷೆ ಮಾಡಲು ದುಬೈಯಿಂದ ಬಂದವರು ಬೆನ್ನು ತಟ್ಟಿದರು. ಬರೆಯುವ ಪೇಪರ್ ಇಂಗ್ಲಿಷಿನಲ್ಲಿತ್ತು. ಪ್ರಶ್ನೆ ಓದಿದಾಗ ಅಕ್ಷರಗಳು ಶಾಲೆಯಲ್ಲಿ ಆಗುತ್ತಿದ್ದ ಹಾಗೆಯೇ ಕಣ್ಣೆದುರು ಓಡಾಡತೊಡಗಿದವು. ಫೇಲಾದೆ ಅಮ್ಮ. ಶಾಲೆಯದನ್ನೂ ಸೇರಿಸಿದರೆ ಎರಡನೇ ಸಲ.

ರಿಸಲ್ಟ್ ಬಂದ ದಿನ ಮಧ್ಯಾಹ್ನ ಮನೆಗೆ ಬಂದೆ. ಪಪ್ಪ ಊಟಕ್ಕೆ ಬಂದಿದ್ದರು. ನಾನು ಬ್ಯಾಗನ್ನು ಒಂದು ಮೂಲೆಗೆ ಎಸೆದೆ, ಶೂ ಒಂದು ಬಾಗಿಲಿಗೆ ಬಡಿಯಿತು, ಇನ್ನೊಂದು ಸೋಫಾದ ಅಡಿಗೆ ಹೋಯಿತು. ಪರೀಕ್ಷೆಗೆಂದು ಕೊಟ್ಟಿದ್ದ ಪುಸ್ತಕದ ಹಾಳೆಗಳು ನೆಲದ ತುಂಬ. ಫ್ರಿಜ್ಜಿನ ಎದುರು ನಿಂತು, 'ಫೇಲ್ ಆದೆ' ಎಂದೆ. ಅದು ಗುಂಯ್ ಎನ್ನುತ್ತಿತ್ತು.

ಪಪ್ಪ ಅನ್ನ ಕಲಸುತ್ತಿದ್ದರು. ಕೈ ನಿಂತಿತು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ತಿರುಗಿದೆ.

ಆಗ ಹಿಂದಿನಿಂದ ಕೇಳಿಸಿತು. ಮೊದಲು ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ಅವರಿಗೆ ಅಭ್ಯಾಸವಿಲ್ಲದ ಹಾಡನ್ನು ಹಾಡಿದ ಹಾಗೆ, ನಾಚಿಕೆಯಲ್ಲಿ, ಆದರೂ ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ:

'ಸಂತೇ!'

ತಿರುಗಿ ನೋಡಿದೆ. ಪಪ್ಪ ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡು, ನೋಯುವ ಸೊಂಟ ಬಗ್ಗಿಸಿ ಮೊಣಕಾಲೂರಿ, ಇನ್ನೊಂದು ಕೈಯಲ್ಲಿ ಸೋಫಾದ ಅಡಿಯಿಂದ ನನ್ನ ಶೂ ಎಳೆಯುತ್ತಿದ್ದರು.

'ಬಿಡಿ ಪಪ್ಪ, ನಾನು ತೆಗೀತೇನೆ.'

'ಸುಮ್ಮನಿರು. ಕೂಗಿದ್ದು ನಾನು' ಎಂದರು.

ಒಂದೊಂದೇ ಹಾಳೆ ಹೆಕ್ಕಿದರು. ನನಗೆ ಮುಟ್ಟಲು ಬಿಡಲಿಲ್ಲ. ಜೋಡಿಸಿ ಮೇಜಿನ ಮೇಲೆ ಇಟ್ಟು, ಕೈ ತೊಳೆದು, ಓದುವ ಕನ್ನಡಕ ಹಾಕಿ, 'ಇನ್ನೊಮ್ಮೆ ಬರೀಲಿಕ್ಕೆ ಬಿಡ್ತಾರಾ?' ಎಂದು ಕೇಳಿದರು. ಬಿಡುತ್ತಾರೆ, ಸೆಪ್ಟೆಂಬರಿನಲ್ಲಿ ಎಂದೆ. 'ಕೂತ್ಕೋ. ಇದೆಂತ, ಈ ಎಡ್ಜ್ ಅಂದ್ರೆ? ಇಂಗ್ಲಿಷ್ ನಾನು ಓದ್ತೇನೆ. ಅದು ಕಾಲಲ್ಲಿ ಹೇಗೆ ಅಂತ ನೀನು ಹೇಳು.'

ಅವತ್ತಿನಿಂದ ಸಂಜೆ ಆಫೀಸಿನಿಂದ ಬಂದು ನನ್ನ ಜೊತೆ ಕೂರುತ್ತಾರೆ. ಇಬ್ಬರಿಗೂ ಬೇಗ ಸಿಟ್ಟು ಬರುತ್ತದೆ. ನಾನು ಹತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡುತ್ತೇನೆ, ಅವರು 'ನಿನಗೆ ಕಾಲಲ್ಲಿ ಚಕ್ರ ಉಂಟು' ಎಂದು ಬೈಯುತ್ತಾರೆ. ಆದರೆ ಬೈಯುವುದು ನನಗೇ. ಫ್ರಿಜ್ಜಿಗೆ ಈಗ ಕೆಲಸವಿಲ್ಲ. ಹೋದ ವಾರ ಸೇಠರ ರುಸ್ತಾಕಿನ ಅಂಗಡಿಗೆ ಪಪ್ಪನನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬೆಟ್ಟದ ತಿರುವಿನಲ್ಲಿ ನಾನು ಸ್ವಲ್ಪ ವೇಗವಾಗಿ ಇಳಿದರೆ ಪಕ್ಕದಲ್ಲಿ ಕಾಲನ್ನು ಒತ್ತಿ ಹಿಡಿದು 'ಪಿಜ್ಜಾ! ಪಿಜ್ಜಾ ಮಾಡು ಮಾರಾಯಾ!' ಎಂದು ಕೂಗಿದರು. ಹಿಂದಿನ ಸೀಟಿನಲ್ಲಿದ್ದ ಸೇಠರ ಮಗ 'ಭೋಜರಾಜ್ ಭಾಯಿಗೆ ಹಸಿವಾಗಿದೆಯಾ?' ಎಂದು ಹಿಂದಿಯಲ್ಲಿ ಕೇಳಿದ. ಪಪ್ಪ ನನ್ನನ್ನು ನೋಡಿದರು, ನಾನು ಪಪ್ಪನನ್ನು ನೋಡಿದೆ. ಇಬ್ಬರೂ ಅವನಿಗೆ ಅರ್ಥ ಹೇಳಲಿಲ್ಲ. ಅಮ್ಮ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾತು ಇರುವುದು ಎಷ್ಟು ಸುಖ!

ಸೆಪ್ಟೆಂಬರಿನಲ್ಲಿ ಪಾಸಾಗುತ್ತೇನೆ ಎಂದು ಮಾತು ಕೊಡುವುದಿಲ್ಲ. ಪ್ರಯತ್ನ ಮಾಡುತ್ತೇನೆ ಎಂಬುದಷ್ಟೇ ಸತ್ಯ.

ನಿನ್ನ ಮಂಡಿನೋವಿನ ಮಾತ್ರೆ ತಪ್ಪಿಸಬೇಡ. ಅಕ್ಕನಿಗೆ ಚೆನ್ನಾಗಿ ನಿದ್ದೆ ಮಾಡಲು ಹೇಳು. ಪಾಪುವಿನ ಪುಟ್ಟ ಕಾಲಿಗೆ ನನ್ನ ಒಂದು ಮುತ್ತು. ಅವಳು ನಡೆಯಲು ಕಲಿತು ಮೊದಲ ಸಲ ಬೀಳುವಾಗ ಯಾರೂ ಗಾಬರಿಯಾಗಬೇಡಿ. ದೇವರು ನಿಮ್ಮೆಲ್ಲರನ್ನೂ ನೋಡಿಕೊಳ್ಳಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇದೆ ಎಂದುಕೊಂಡೇ ದಿನಾ ಮನೆಯಿಂದ ಹೊರಡುತ್ತೇನೆ.

ನಿನ್ನ ಮಗ,
ವಿಕಾಸ್

ತಾ.ಕ.: ಧೈರ್ಯ ಬಂದಿದೆ, ಬರೆಯುತ್ತೇನೆ. ತೊಟ್ಟಿಲಿನ ದಿನ ಫೋನ್ ಸ್ಪೀಕರಿನಲ್ಲಿತ್ತು. ಅಕ್ಕನ ಅತ್ತೆ ಬಹಳ ಪ್ರೀತಿಯಿಂದ ಕೇಳಿದರು, 'ವಿಕಾಸ್, ನಿನ್ನ ಹೋಟೆಲ್ ಮ್ಯಾನೇಜ್‌ಮೆಂಟ್ ಎಷ್ಟನೇ ವರ್ಷ ಮಗಾ?' ಯಾವ ಹೋಟೆಲ್ ಮ್ಯಾನೇಜ್‌ಮೆಂಟ್ ಎಂದು ಕೇಳಲು ಹೊರಟೆ. ಅಷ್ಟರಲ್ಲಿ ಹಿಂದಿನಿಂದ ನಿನ್ನ ದನಿ ಬಂತು. 'ಎರಡನೇದು ಅಕ್ಕಾ, ಇನ್ನೊಂದು ವರ್ಷ ಉಂಟು.' ನಾನು ಬಾಯಿ ತೆರೆದಿದ್ದರೆ ನಿಜ ಹೊರಬರುತ್ತಿತ್ತು, ಅಷ್ಟು ಜನರ ಎದುರು ನೀನು ಬೀಳುತ್ತಿದ್ದೆ. ಅದಕ್ಕೆ ಕಟ್ ಮಾಡಿದೆ.

ಪಪ್ಪ ಮಾತು ಬಿಟ್ಟದ್ದೇ ನನ್ನ ದೊಡ್ಡ ನೋವು ಎಂದು ಇಷ್ಟು ದಿನ ತಿಳಿದಿದ್ದೆ. ಆದರೆ ಪಪ್ಪ ನನ್ನ ಬಗ್ಗೆ ಯಾರ ಹತ್ತಿರವೂ ಸುಳ್ಳು ಹೇಳಲಿಲ್ಲ. ಸೂಕಿನಲ್ಲಿ ಯಾರಾದರೂ 'ಮಗ ಎಂತ ಮಾಡ್ತಾನೆ?' ಎಂದರೆ ಚಹಾ ಕುಡಿಯುತ್ತಿದ್ದರು. ಆ ಮೌನದಲ್ಲಿ ನನಗೆ ಜಾಗ ಇತ್ತು. ನಿನ್ನ ಮಾತಿನಲ್ಲಿ ಇರುವುದು ಬೇರೆ ವಿಕಾಸ್. ಅವನು ಓದುತ್ತಾನೆ, ಪಾಸಾಗುತ್ತಾನೆ, ವರ್ಷ ವರ್ಷ ಮುಂದೆ ಹೋಗುತ್ತಾನೆ. ಅವನ ಜೊತೆ ಓಡಿ ಗೆಲ್ಲಲು ನನ್ನಿಂದ ಆಗುವುದಿಲ್ಲ. ನಾನು ಊರಿಗೆ ಬಂದರೆ ನೀನು ಬಡಿಸುವ ಬಟ್ಟಲು ಅವನದೋ ನನ್ನದೋ ಎಂದು ಯೋಚನೆಯಾಗುತ್ತದೆ.

ನನ್ನನ್ನು ಕಾಪಾಡಲಿಕ್ಕೆ ಹಾಗೆ ಹೇಳಿದ್ದು ಎಂದು ಗೊತ್ತು ಅಮ್ಮ. ಸಿಟ್ಟಿಲ್ಲ. ಒಂದೇ ಒಂದು ಸಲ ನಿನ್ನ ಬಾಯಿಂದಲೂ ಕೂಗು. ಜನರ ಎದುರು ಬೇಡ, ಅಕ್ಕನ ಅತ್ತೆಯ ಎದುರಂತೂ ಬೇಡ. ಪಾಪುವಿಗೆ ಎಣ್ಣೆ ಹಚ್ಚುವಾಗ ಅವಳ ಕಿವಿಯಲ್ಲಿ ಹೇಳು, ನಿನ್ನ ಮಾವ ಶಾಲೆ ಬಿಟ್ಟವ, ಹಿಮದಲ್ಲಿ ಬಿದ್ದವರನ್ನು ಎಬ್ಬಿಸುವ ಕೆಲಸ ಮಾಡುತ್ತಾನೆ ಎಂದು. ಅವಳಿಗೆ ಅರ್ಥವಾಗದು. ನಿನ್ನ ಕಿವಿಗೆ ಕೇಳಿದರೆ ಸಾಕು.